ಬಿಸಿ ರೊಟ್ಟಿ ನಿಮ್ಮ ತಾಟಿಗೂ ಬೀಳಲಿ

ಮದುವೆಯ ವಾರ್ಷಿಕೋತ್ಸವಕ್ಕೆ ಹೊರಗೆ ಊಟ ಅಂದರೆ ವಾಡಿ, ಶಹಾಬಾದ್ ಕಡೆಯ ಮನೆಗಳಲ್ಲೂ ಮೊದಲು ಕೇಳುವುದು ಮಕ್ಕಳನ್ನು, ಆಮೇಲೆ ಯಜಮಾನರನ್ನು. ಗೃಹಿಣಿ ಮಾತ್ರ 'ಏನಾದರೂ ಆದೀತು' ಅಂದುಬಿಡುತ್ತಾಳೆ! ದಿನಾ ಎಲ್ಲರಿಗೂ ಬಿಸಿ ರೊಟ್ಟಿ ಬಡಿದು ಹಾಕಿ, ಕೊನೆಗೆ ಆರಿದ್ದನ್ನು ತಿನ್ನುವವಳು ಅವಳೇ ಅಲ್ಲವೇ?

ಗೆಳತಿಯರೇ, ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ದರ್ಶನ ಮುಗಿಸಿ ಮರಳುವಾಗ ಊಟಕ್ಕೆ ನಿಲ್ಲುವುದಿದ್ದರೆ, ಈ ಸಲ ಖಾನಾವಳಿಯನ್ನು ನೀವೇ ಆರಿಸಿ. ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು... ಮನೆಯದೇ ಊಟಕ್ಕೆ ದುಡ್ಡು ಯಾಕೆ ಅಂತೀರಾ? ಕೂತಲ್ಲಿಗೆ ಬಿಸಿ ರೊಟ್ಟಿ ಬರುತ್ತದಲ್ಲ, ದುಡ್ಡು ಅದಕ್ಕೆ. ಮಗುವಿಗೆ ತಿನ್ನಿಸುವ ಕೆಲಸ ಅವತ್ತು ಅಪ್ಪನದು. (ಒಂದು ದಿನಕ್ಕೆ ಏನೂ ಆಗುವುದಿಲ್ಲ ಬಿಡಿ.)

ಕಲಬುರಗಿಯ ದೊಡ್ಡ ಹೋಟೆಲಿಗೇ ಹೋಗುವ ಮನಸ್ಸಿದ್ದರೆ ಅದೂ ಸರಿ. ಆದರೆ ಬಿಲ್ ಓದಿ ನೋಡಿ. 'ಸರ್ವಿಸ್ ಚಾರ್ಜ್' ಅಂತ ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಅನ್ನಲು ಸಂಕೋಚ ಬೇಡ. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಎಸ್‌ಟಿ ಬೇರೆ, ಅದು ಸರಕಾರದ ತೆರಿಗೆ.

ಟಿಪ್ಸ್ ನಿಮ್ಮ ಇಷ್ಟ. ಕೊಡುವುದಾದರೆ, ಒಳಗೆ ಒಲೆ ಮುಂದೆ ರೊಟ್ಟಿ ಬಡಿಯುವ ಅಕ್ಕನ ಕೈಗೂ ಒಂದಿಷ್ಟು ಕೊಟ್ಟು ಬನ್ನಿ.