ಓದದೆ ಬಂದ ಕಲ್ಲು

ಹೊಸ ಅಗ್ರಹಾರದಿಂದ ಹಳೇಬೀಡಿಗೆ! ಊರುಗಳ ಹೆಸರೇ ಪ್ರವಾಸದ ಉದ್ದೇಶವನ್ನು ಹೇಳುವಂತಿದೆ. ನಸುಕಿನಲ್ಲಿ ಹೊರಟು, ಹಳೇಬೀಡು ಬೇಲೂರುಗಳನ್ನು ನೋಡಿ, ಅದೇ ರಾತ್ರಿ ಮರಳುವ ಪ್ರವಾಸಕ್ಕೆ ಕಳೆದ ಮಾಗಿಯಲ್ಲಿ ವಿದ್ಯಾರ್ಥಿಗಳೊಡನೆ ನಾನೂ ಹೋಗಿದ್ದೆ. ಕಂಡದ್ದು ಬಹಳ. ಆದರೆ ಮನಸ್ಸಿನಲ್ಲಿ ಉಳಿದಿರುವುದು ಕಂಡದ್ದಲ್ಲ, ಓದದೆ ಬಂದದ್ದು.

ನಮ್ಮ ಮಾರ್ಗದರ್ಶಿ ಮಾತುಗಾರ. ಹೊಯ್ಸಳೇಶ್ವರ ದೇಗುಲದ ಆನೆ, ಕುದುರೆ, ಹಂಸಗಳ ಸಾಲನ್ನು ತೋರಿಸಿದ. ಜಕಣಾಚಾರಿಯ ಕಥೆಯನ್ನು ರಸವತ್ತಾಗಿ ಹೇಳಿದ. 1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂದುದನ್ನು ಎರಡು ಮಾತಿನಲ್ಲಿ ಮುಗಿಸಿದ. ಅರಮನೆಯಿದ್ದ ನೆಲಕ್ಕೆ ದೂರದಿಂದಲೇ ಬೆರಳು ತೋರಿದ. ಹಳೇಬೀಡೆಂದರೆ ಹಾಳೂರು ಎಂದ. ಬೀಡು ಎಂದರೆ ಅರಸರ ನೆಲೆಯಪ್ಪ ಎಂದು ನಾನು ತಿದ್ದಿದೆ. ಪಂಡಿತನೆಂಬ ಹಮ್ಮು ಕೊಂಚ ತಲೆಗೇರಿತ್ತು.

ಅದು ಇಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ದೇಗುಲದ ದಕ್ಷಿಣಕ್ಕೆ ಒಂದು ಗರುಡಗಂಬವಿದೆ. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ, ಅವನೊಡನೆಯೇ ಸಾಯುವ ನುಡಿ ಕೊಟ್ಟಿದ್ದ ಕುವರ ಲಕ್ಷ್ಮನು ಮಡದಿ ಸುಗ್ಗಲದೇವಿ ಮತ್ತು ಸಂಗಡಿಗರೊಡನೆ ಪ್ರಾಣ ಒಪ್ಪಿಸಿದುದರ ನೆನಪು ಅದು. ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರು ಕಂಬದ ಮೇಲಿದ್ದಾರೆ. ಇಷ್ಟನ್ನು ಪುಸ್ತಕದ ಬಲದಿಂದ ಹೇಳಿದೆ. ಒಬ್ಬ ಹುಡುಗಿ ಶಾಸನದ ಸಾಲಿನ ಮೇಲೆ ಕಣ್ಣಿಟ್ಟು, “ಇದನ್ನು ಓದಿ ಹೇಳಿ ಸಾರ್, ಕನ್ನಡವೇ ಅಲ್ಲವೆ?” ಎಂದಳು. ನಾಲ್ಕು ಅಕ್ಷರಗಳ ಗುರುತು ಹತ್ತಿತು, ಐದನೆಯದಕ್ಕೆ ತಡವರಿಸಿದೆ. ಅಷ್ಟರಲ್ಲಿ ಬೇಲೂರಿಗೆ ಹೊತ್ತಾಯಿತೆಂದು ಮಾರ್ಗದರ್ಶಿ ಕೂಗಿದ. ಆ ಕೂಗು ನನ್ನ ಮಾನ ಉಳಿಸಿತು.

ಬೇಲೂರಿನಲ್ಲೂ ಅದೇ ಕಥೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಕೆಳಗೆ ಕನ್ನಡದಲ್ಲಿ ಹೆಸರು ಕೊರೆದಿಟ್ಟಿದ್ದಾರೆ. ಮದನಿಕೆಯರ ಮುಂದೆ ನೂರು ಛಾಯಾಚಿತ್ರ ತೆಗೆದ ನಾವು ಆ ಹೆಸರುಗಳನ್ನು ಹುಡುಕಲಿಲ್ಲ.

ಅವಸರ ನಮ್ಮೊಬ್ಬರ ರೋಗವಲ್ಲ. 1767ರಲ್ಲಿ ಬರ್ಮೀಯರ ದಾಳಿಗೆ ಹಾಳಾದ ಸಯಾಮಿನ ಹಳೆಯ ರಾಜಧಾನಿ ಅಯುತ್ಥಯವನ್ನೂ ಜನ ಬ್ಯಾಂಕಾಕಿನಿಂದ ಬೆಳಗ್ಗೆ ಹೋಗಿ ಸಂಜೆಗೆ ನೋಡಿ ಬರುತ್ತಾರೆ. ಆದರೆ ಅಲ್ಲಿ ನಾವು ಪರಕೀಯರು, ಹಳೇಬೀಡಿನಲ್ಲಿ ಮನೆಯವರು. ಮನೆಯ ಪತ್ರವನ್ನು ಓದಲಾರದವನು ಮಾರ್ಗದರ್ಶಿಯನ್ನು ದೂರಿ ಫಲವೇನು?

ತಪ್ಪು ಕನ್ನಡ ಕಲಿಸುವ ನಮ್ಮದು. ಹಳಗನ್ನಡವನ್ನು ಅಚ್ಚಿನ ಪುಟದಲ್ಲಿ ಬೋಧಿಸಿದೆವು, ಕಲ್ಲಿನ ಬಳಿಗೆ ಒಯ್ಯಲಿಲ್ಲ. ಹೊಯ್ಸಳರ ಕಾಲದ ಲಿಪಿ ಇಂದಿನದಕ್ಕೆ ತೀರ ದೂರದ್ದಲ್ಲ. ರೈಸರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲೇ ಹೊರತಂದರು. ಅದರ ಪಾಠವನ್ನು ಕೈಯಲ್ಲಿ ಹಿಡಿದು ಕಲ್ಲನ್ನು ನೋಡಿದರೆ ಅಕ್ಷರ ಒಂದೊಂದಾಗಿ ಕಣ್ಣು ಬಿಡುತ್ತದೆ. ಅಭ್ಯಾಸಕ್ಕೆ ದೂರ ಹೋಗಬೇಕಾಗಿಯೂ ಇಲ್ಲ; ಹುಣಸೂರು, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವೆ?

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಲೋಕವೆಲ್ಲ ನೋಡಲು ಬರಲಿ, ಸಂತೋಷ. ಓದುವವರು ಮಾತ್ರ ನಮ್ಮಿಂದಲೇ ಹೊರಡಬೇಕು. ಮುಂದಿನ ಪ್ರವಾಸದಲ್ಲಿ ಒಂದೇ ಊರು ಸಾಕು. ಕಂಬದ ಬಳಿ ಒಂದು ಗಂಟೆ ಇರಲಿ. ಆ ಹುಡುಗಿಗೆ ಐದನೆಯ ಅಕ್ಷರದ ಸಾಲ ನನ್ನ ಮೇಲಿದೆ.