ಹಳೆಯ ಮಣಿಗೆ ಹೊಸ ದಾರ

‘ಗುಜರಿ’ ಎಂಬ ಪದಕ್ಕೆ ನಮ್ಮ ಸಮುದಾಯದಲ್ಲಿ ವಿಚಿತ್ರವಾದ ಸ್ಥಾನವಿದೆ. ರಾಜ್ಯದ ಬಹುತೇಕ ಪಟ್ಟಣಗಳಲ್ಲಿ ತಳ್ಳುಗಾಡಿ ಹಿಡಿದು ಹಳೇ ಕಬ್ಬಿಣ, ಹಳೇ ಪೇಪರ್ ಎಂದು ಕೂಗುತ್ತಾ ಬೀದಿ ಸುತ್ತಿದವರು, ಅದೇ ದುಡಿಮೆಯಿಂದ ಮಕ್ಕಳನ್ನು ಓದಿಸಿದವರು ನಮ್ಮಲ್ಲಿ ಎಷ್ಟೋ ಮಂದಿಯಿದ್ದಾರೆ. ಅದು ಹಲಾಲ್ ಸಂಪಾದನೆ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೂ ಆ ಪದವು ಮನೆಯೊಳಗೆ ಬೈಗುಳವಾಗಿಯೇ ಬಳಕೆಯಾಗುತ್ತದೆ. ಮಗಳೊಬ್ಬಳು ಅಜ್ಜಿಯ ಹರಿದ ಸರದ ಮಣಿಗಳನ್ನು ಆಯ್ದು, ಹಳೆಯ ಸೀರೆಯ ಜರಿಯಂಚನ್ನು ಕತ್ತರಿಸಿ, ಹೊಸದೊಂದು ಕಿವಿಯೋಲೆ ಮಾಡಿಕೊಂಡು ಮದುವೆಗೆ ಹೊರಟು ನಿಂತರೆ, “ಈ ಗುಜರಿ ಹಾಕ್ಕೊಂಡು ಬರ್ತೀಯಾ? ಜನ ಏನಂದಾರು?” ಎಂದು ಕೇಳುವವರು ಹೊರಗಿನವರಲ್ಲ, ಅವಳ ಸ್ವಂತ ಖಾಲಾ ಅಥವಾ ಫುಪ್ಪು.

ಹಳೆಯ ವಸ್ತುಗಳಿಂದ ಆಭರಣ ಮತ್ತು ಕರಕುಶಲ ವಸ್ತುಗಳನ್ನು ತಯಾರಿಸುವ ಹವ್ಯಾಸವು ಇತ್ತೀಚೆಗೆ ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚುತ್ತಿದೆ. ಕೆಲವರಿಗೆ ಅದು ಸಣ್ಣ ಆದಾಯದ ದಾರಿಯೂ ಆಗಿದೆ. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವವರೂ ಇದ್ದಾರೆ, ಪರಿಸರ ರಕ್ಷಣೆಯ ಮಹಾಕಾರ್ಯವೆಂದು ಹೊಗಳುವವರೂ ಇದ್ದಾರೆ. ಎರಡೂ ಅತಿಯೆಂದು ನನಗನ್ನಿಸುತ್ತದೆ. ಇದು ಒಂದು ಕಸುಬು. ಕಸುಬಿಗೆ ಸಲ್ಲಬೇಕಾದ ಗೌರವ ಇದಕ್ಕೂ ಸಲ್ಲಬೇಕು. ಕಸುಬಿಗೆ ಇರಬೇಕಾದ ಪ್ರಾಮಾಣಿಕತೆ ಇದಕ್ಕೂ ಇರಬೇಕು.

ಬಳಸಿದ ವಸ್ತುವಿನ ಕುರಿತು ನಮ್ಮಲ್ಲಿರುವ ತಾತ್ಸಾರಕ್ಕೆ ಧರ್ಮದ ಆಧಾರವೇನೂ ಇಲ್ಲ. ಪ್ರವಾದಿ ಮುಹಮ್ಮದ್(ಸ)ರು ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತೇಪೆ ಹಾಕಿಕೊಳ್ಳುತ್ತಿದ್ದರು ಎಂಬುದನ್ನು ನಾವು ಪ್ರವಚನಗಳಲ್ಲಿ ಕೇಳುತ್ತಲೇ ಇರುತ್ತೇವೆ. ಅಷ್ಟಾಗಿ ಕೇಳಿಬರದ ಇನ್ನೆರಡು ಪ್ರಸಂಗಗಳು ಇಲ್ಲಿ ಹೆಚ್ಚು ಪ್ರಸ್ತುತ. ಹ. ಮೈಮೂನಾ(ರ)ರ ಸೇವಕಿಯೊಬ್ಬರಿಗೆ ದಾನವಾಗಿ ಸಿಕ್ಕಿದ್ದ ಕುರಿಯೊಂದು ಸತ್ತುಬಿದ್ದಿತ್ತು. ಆ ದಾರಿಯಾಗಿ ಬಂದ ಪ್ರವಾದಿ(ಸ)ರು ಅದರ ಚರ್ಮವನ್ನು ಹದ ಮಾಡಿ ಬಳಸಿಕೊಳ್ಳಬಾರದಿತ್ತೇ ಎಂದು ವಿಚಾರಿಸಿದರು. ಅದು ಸತ್ತ ಪ್ರಾಣಿಯಲ್ಲವೇ ಎಂದು ಜೊತೆಗಿದ್ದವರು ಹೇಳಿದಾಗ, ನಿಷಿದ್ಧವಾಗಿರುವುದು ಅದನ್ನು ತಿನ್ನುವುದು ಮಾತ್ರವೆಂದು ಅವರು ತಿಳಿಸಿದರು. ಎಲ್ಲರೂ ಎಸೆಯಬೇಕಾದದ್ದೆಂದು ಕಂಡ ವಸ್ತುವಿನಲ್ಲಿ ಉಪಯೋಗಕ್ಕೆ ಬರುವ ಭಾಗವನ್ನು ಅವರು ಗುರುತಿಸಿದ್ದರು.

ಎರಡನೆಯದು ಅವರ ಮನೆಯದೇ ಘಟನೆ. ಹ. ಆಯಿಶಾ(ರ) ಚಿತ್ರಗಳಿದ್ದ ಪರದೆಯೊಂದನ್ನು ಮನೆಯಲ್ಲಿ ತೂಗುಹಾಕಿದ್ದರು. ಪ್ರವಾದಿ(ಸ)ರಿಗೆ ಅದು ಹಿಡಿಸಲಿಲ್ಲ. ಆಯಿಶಾ(ರ) ಅದನ್ನು ಹೊರಗೆಸೆಯಲಿಲ್ಲ, ಸುಡಲಿಲ್ಲ. ಕತ್ತರಿಸಿ ದಿಂಬುಗಳನ್ನಾಗಿ ಮಾಡಿದರು. ಪ್ರವಾದಿ(ಸ)ರು ಆ ದಿಂಬಿಗೆ ಒರಗಿ ಕುಳಿತುಕೊಳ್ಳುತ್ತಿದ್ದರು. ವಿದ್ವಾಂಸರು ಈ ಹದೀಸಿನಿಂದ ಚಿತ್ರಗಳ ಕುರಿತ ವಿಧಿಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಕತ್ತರಿ ಹಿಡಿದು ಕುಳಿತ ಆ ಗೃಹಿಣಿಯ ಕಡೆಗೆ ಮಾತ್ರ ನಮ್ಮ ಗಮನ ಹೋದದ್ದು ಕಡಿಮೆ.

ಆಭರಣದ ವಿಷಯಕ್ಕೆ ಬಂದರೂ ಆಯಿಶಾ(ರ)ರನ್ನೇ ನೆನೆಯಬೇಕು. ಇಸ್ಲಾಮೀ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ಕಂಠಾಭರಣ ಅವರದು. ಪ್ರಯಾಣವೊಂದರಲ್ಲಿ ಅದು ಕಳೆದುಹೋದಾಗ ಅದನ್ನು ಹುಡುಕಲೆಂದು ಇಡೀ ತಂಡವೇ ನೀರಿಲ್ಲದ ಜಾಗದಲ್ಲಿ ತಂಗಬೇಕಾಯಿತು. ತಂದೆ ಅಬೂಬಕರ್(ರ)ರು ಮಗಳನ್ನು ಗದರಿದರು. ತಯಮ್ಮುಮಿನ ಅನುಮತಿ ಅವತೀರ್ಣವಾದದ್ದು ಆ ಸಂದರ್ಭದಲ್ಲಿಯೇ. ಕೊನೆಗೆ ಒಂಟೆಯನ್ನು ಎಬ್ಬಿಸಿದಾಗ ಸರವು ಅದರ ಅಡಿಯಲ್ಲಿಯೇ ಇತ್ತು. ಆ ಸರ ಅವರ ಸ್ವಂತದ್ದೂ ಆಗಿರಲಿಲ್ಲ, ಅಕ್ಕ ಅಸ್ಮಾ(ರ)ರಿಂದ ಎರವಲು ಪಡೆದದ್ದೆಂದು ವರದಿಯಾಗಿದೆ. ಇನ್ನೊಂದು ಪ್ರಯಾಣದಲ್ಲಿ, ಅಪವಾದದ ಆ ನೋವಿನ ಪ್ರಕರಣಕ್ಕೆ ಕಾರಣವಾದ ಸರವು ಯಮನಿನ ಝಫಾರ್ ಪ್ರದೇಶದ ಕಲ್ಲುಮಣಿಗಳದ್ದು. ಅರಬ್ ನಾಡಿನ ಅತ್ಯಂತ ಗೌರವಾನ್ವಿತ ಮನೆಯ ಹೆಣ್ಣುಮಗಳು ಕಲ್ಲುಮಣಿಯ ಸರ ಧರಿಸಿದರು, ಎರವಲು ಸರವನ್ನೂ ಧರಿಸಿದರು. ನಮ್ಮ ಮದುವೆ ಮಂಟಪಗಳಲ್ಲಿ ಈ ಎರಡಕ್ಕೂ ಇಂದು ಮುಖ ಸಿಂಡರಿಸುವವರಿದ್ದಾರೆ.

ಚಿನ್ನವು ಸ್ತ್ರೀಯರಿಗೆ ಅನುವದನೀಯ. ಅಲಂಕಾರವನ್ನು ನಿಷೇಧಿಸಿದವರಾರು ಎಂದು ಕುರ್‌ಆನ್ ಪ್ರಶ್ನಿಸುತ್ತದೆ, ಅದರ ಜೊತೆಗೇ ದುಂದುವೆಚ್ಚವನ್ನೂ ತಡೆಯುತ್ತದೆ. ಆದ್ದರಿಂದ ಚಿನ್ನ ಧರಿಸಿದವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ 2025ರಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ 1 ಲಕ್ಷ ರೂಪಾಯಿ ದಾಟಿತು. ಕರಾವಳಿಯಲ್ಲಿ ಪವನಿನ ಲೆಕ್ಕ, ಘಟ್ಟದ ಮೇಲೆ ತೊಲದ ಲೆಕ್ಕ; ಲೆಕ್ಕ ಯಾವುದಾದರೂ ಸಾಲ ಒಂದೇ. ಮಗಳ ಕೊರಳಿಗೆ ಚಿನ್ನ ಹಾಕಲು ಬಡ್ಡಿಯ ಸಾಲಕ್ಕೆ ಕೈಯೊಡ್ಡುವ ತಂದೆ, ಧರ್ಮವು ಅನುಮತಿಸಿದ ಒಂದು ವಸ್ತುವಿಗಾಗಿ ಧರ್ಮವು ಕಠಿಣವಾಗಿ ನಿಷೇಧಿಸಿದ ವ್ಯವಹಾರಕ್ಕೆ ಇಳಿಯುತ್ತಾನೆ. ಮಹರ್‌ಗಾಗಿ ಕಬ್ಬಿಣದ ಉಂಗುರವಾದರೂ ಸಿಗುವುದೇ ನೋಡೆಂದು ಪ್ರವಾದಿ(ಸ)ರು ಬಡ ಸಂಗಾತಿಯೊಬ್ಬರನ್ನು ಕಳುಹಿಸಿದ್ದರು. ಅದೂ ಸಿಗದಿದ್ದಾಗ, ಅವರಿಗೆ ತಿಳಿದಿದ್ದ ಕುರ್‌ಆನಿನ ಆಧಾರದಲ್ಲಿಯೇ ವಿವಾಹ ನೆರವೇರಿತು. ಮದುವೆಯ ಮನೆಗೆ ಬರುವ ಇತರ ಹುಡುಗಿಯರಾದರೂ ಚಿನ್ನದ ಸ್ಪರ್ಧೆಯಿಂದ ಹೊರಗಿರಲು ಸಾಧ್ಯವಾದರೆ ಅದೇನೂ ಸಣ್ಣ ಸಾಧನೆಯಲ್ಲ. (ಧರಿಸುವ ಚಿನ್ನಕ್ಕೂ ಝಕಾತ್ ಕಡ್ಡಾಯವೆಂಬುದು ಹನಫೀ ನಿಲುವು, ವಾಡಿಕೆಯ ಪ್ರಮಾಣದಲ್ಲಿ ಧರಿಸುವುದಕ್ಕೆ ಇಲ್ಲವೆಂಬುದು ಶಾಫಿಈ ನಿಲುವು. ಕಲ್ಲುಮಣಿ, ಗಾಜಿನ ಮಣಿಗಳನ್ನು ವ್ಯಾಪಾರಕ್ಕೆ ಇಟ್ಟಿರದಿದ್ದರೆ ಯಾರ ಪ್ರಕಾರವೂ ಝಕಾತ್ ಇಲ್ಲ.)

ಇನ್ನು ಕಸುಬಿನ ಮಾತು. ಹಳೆಯ ಸರ ಹಾಳಾಗುವುದು ಸಾಮಾನ್ಯವಾಗಿ ದಾರದಿಂದ, ಮಣಿಯಿಂದಲ್ಲ. ಗಾಜಿನ ಮಣಿ, ಹವಳ, ಅಗೇಟಿನ ಕಲ್ಲು, ಕರಿಮಣಿ ಇವು ಎರಡು ಮೂರು ತಲೆಮಾರು ಕಂಡರೂ ಹಾಗೆಯೇ ಉಳಿಯುತ್ತವೆ. ಹತ್ತಿಯ ನೂಲು ಬೆವರಿಗೆ ಕೊಳೆತು ಹರಿಯುತ್ತದೆ. ಅವನ್ನು ಬಿಡಿಸಿ, ಸಾಬೂನಿನ ನೀರಿನಲ್ಲಿ ತೊಳೆದು, ನೈಲಾನ್ ದಾರಕ್ಕೋ ಗೇರ್ ವೈರಿಗೋ ಪೋಣಿಸಿ, ಹೊಸ ಕೊಂಡಿ ಹಾಕಿದರೆ ಸರ ಇನ್ನೊಂದು ಆಯುಷ್ಯ ಪಡೆಯುತ್ತದೆ. ಪ್ಲಾಸ್ಟಿಕ್ ಮುತ್ತು ಹಾಗಲ್ಲ. ಅದರ ಹೊಳಪು ಸಿಪ್ಪೆಯಂತೆ ಏಳುತ್ತದೆ, ಎದ್ದ ಮೇಲೆ ಸರಿಪಡಿಸಲಾಗದು. ಜರಿಯ ಬಟ್ಟೆ ಸುತ್ತಿ ಒಳಗೆ ಗುಂಡಾಗಿ ಬಳಸಿಕೊಳ್ಳಬಹುದಷ್ಟೇ. ಹಲ್ಲಿಗೆ ಮೆಲ್ಲನೆ ಉಜ್ಜಿದಾಗ ಮರಳಿನಂತೆ ತರಿತರಿಯಾಗಿ ತಾಗಿದರೆ ಅದು ನಿಜವಾದ ಮುತ್ತು ಎಂಬುದು ಹಳಬರಿಗೆಲ್ಲ ಗೊತ್ತಿರುವ ಪರೀಕ್ಷೆ. ಬಣ್ಣಗೆಟ್ಟ ಪ್ಲಾಸ್ಟಿಕ್ ಬಳೆಗೆ ರೇಷ್ಮೆ ದಾರ ಅಥವಾ ಸೀರೆಯಂಚು ಸುತ್ತಿದರೆ ಅದು ಬೇರೆಯೇ ಬಳೆ. ಶೇರ್ವಾನಿಯ ಗುಂಡಿ ಕಿವಿಯೋಲೆಯಾಗುತ್ತದೆ. ಒಂಟಿಯಾಗಿ ಉಳಿದ ಝುಮ್ಕಾ ಸರದ ಪದಕವಾಗುತ್ತದೆ.

ಸಾಮಗ್ರಿ ಬೇಕಾದವರು ಮೊದಲು ತಮ್ಮ ಮನೆಯ ಪೆಟ್ಟಿಗೆಗಳನ್ನು ತೆರೆಯಲಿ, ಆಮೇಲೆ ಬಂಧುಗಳ ಮನೆ, ಆನಂತರ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಸುತ್ತಲಿನ ಭಾನುವಾರದ ಸಂತೆಯಂತಹ ಜಾಗಗಳು. ‘ಹಳೆಯದರಿಂದ ಹೊಸದು’ ಎಂಬ ಹೆಸರಿನಲ್ಲಿ ಮೂಟೆಗಟ್ಟಲೆ ಹೊಸ ಮಣಿ, ಹೊಸ ಅಂಟು, ಹೊಸ ಬಣ್ಣಗಳನ್ನು ಖರೀದಿಸಿ ಅರ್ಧಕ್ಕೇ ಬಿಟ್ಟವರನ್ನೂ ಕಂಡಿದ್ದೇನೆ. ಅದು ದುಂದುವೆಚ್ಚದ್ದೇ ಇನ್ನೊಂದು ರೂಪ.

ಮಾರಾಟಕ್ಕೆ ಇಳಿದಾಗ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರವಾದಿ(ಸ)ರ ಬೆರಳುಗಳಿಗೆ ತೇವ ತಾಗಿತು. ಮಳೆಯಲ್ಲಿ ನೆನೆದದ್ದೆಂದು ವ್ಯಾಪಾರಿ ಸಮಜಾಯಿಷಿ ನೀಡಿದಾಗ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದರು. ಹಳೆಯ ವಸ್ತುವಿನಿಂದ ಮಾಡಿದ ಸರಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ. ಮಣಿ ಹಳೆಯದು, ಕೊಂಡಿ ಹೊಸದು, ಲೋಹ ಬೆಳ್ಳಿಯಲ್ಲ ಎಂಬುದನ್ನು ಕೊಳ್ಳುವವರು ಕೇಳುವ ಮೊದಲೇ ಹೇಳಬೇಕು. ಹಳೆಯ ಅಗ್ಗದ ಲೋಹದ ಆಭರಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಾಧ್ಯತೆಯಿದೆ. ನಿಕಲ್ ತಾಗಿ ಕಿವಿ ಕೆರೆದು ನೀರೊಸರುವವರು ಎಲ್ಲ ಮನೆಗಳಲ್ಲಿಯೂ ಇದ್ದಾರೆ. ಆದುದರಿಂದ ಕಿವಿಗೆ ತಾಗುವ ಕೊಕ್ಕೆಯನ್ನು ಹಳೆಯದರಿಂದ ತೆಗೆದು ಹಾಕಲೇಬಾರದು. ಎಲ್ಲವನ್ನೂ ಬಾಯಿಗಿಡುವ ಮಕ್ಕಳಿಗೆ ಹಳೆಯ ಲೋಹದ ಪದಕ, ಬಣ್ಣ ಏಳುವ ಮಣಿ ಬೇಡವೇ ಬೇಡ. ನೀಲಿ ಕಣ್ಣಿನ ಮಣಿಯನ್ನು ದೃಷ್ಟಿ ನಿವಾರಕವೆಂದು ಹೇಳಿ ಹೆಚ್ಚು ಬೆಲೆಗೆ ಮಾರುವವರ ಕುರಿತು ಹೆಚ್ಚೇನೂ ಹೇಳಬೇಕಾಗಿಲ್ಲ. ಮಣಿಗೆ ಮಣಿಯ ಬೆಲೆಯಷ್ಟೇ ಇರಲಿ.

ಕೊಳ್ಳುವಾಗಲೂ ಅಷ್ಟೇ. ಹಳೆಯ ರೇಷ್ಮೆ ಸೀರೆಯ ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ. ಅದನ್ನರಿಯದ ವೃದ್ಧೆಯಿಂದ ಸ್ಟೀಲಿನ ಡಬ್ಬಿಯೊಂದನ್ನು ಕೊಟ್ಟು ಸೀರೆ ಒಯ್ಯುವುದು ಚೌಕಾಶಿಯಲ್ಲ. ಹಳೆಯ ಬುರ್ಖಾದ ಕಿಸೆಯಲ್ಲಿಯೋ, ಗುಜರಿಯಲ್ಲಿ ಕೊಂಡ ಪರ್ಸಿನಲ್ಲಿಯೋ ಚಿನ್ನದ ಬೆಂಡೋಲೆ ಸಿಕ್ಕರೆ ಏನು ಮಾಡಬೇಕು? ಬುಖಾರಿಯಲ್ಲಿ ಒಂದು ಪ್ರಸಂಗವಿದೆ. ಜಮೀನು ಕೊಂಡವನಿಗೆ ಅದರಲ್ಲಿ ಚಿನ್ನ ತುಂಬಿದ ಮಡಕೆ ಸಿಕ್ಕಿತು. ತಾನು ಕೊಂಡದ್ದು ನೆಲವನ್ನು, ಚಿನ್ನವನ್ನಲ್ಲ ಎಂದು ಅವನು ಹಿಂದಿರುಗಿಸಲು ಹೋದ. ನೆಲವನ್ನು ಅದರಲ್ಲಿರುವುದರ ಸಹಿತ ಮಾರಿದ್ದೇನೆಂದು ಮಾರಿದವನೂ ನಿರಾಕರಿಸಿದ. ವ್ಯಾಜ್ಯ ಕೇಳಿದವರು ಇಬ್ಬರ ಮಕ್ಕಳಿಗೂ ಮದುವೆ ಮಾಡಿಸಿ, ಚಿನ್ನವನ್ನು ಅವರಿಗಾಗಿ ವೆಚ್ಚ ಮಾಡಲು, ದಾನ ನೀಡಲು ತೀರ್ಪಿತ್ತರು. ತನಗೇ ಬೇಕೆಂದು ಜಗಳವಾಡುವುದನ್ನು ನಾವು ದಿನವೂ ನೋಡುತ್ತೇವೆ, ತನಗೆ ಬೇಡವೆಂದು ಜಗಳವಾಡಿದವರಿವರು.

ಕೂಲಿಯ ಪ್ರಶ್ನೆಯನ್ನು ಎತ್ತದೆ ಈ ವಿಷಯ ಪೂರ್ಣವಾಗದು. ಕರಾವಳಿಯ ನಮ್ಮ ತಾಯಂದಿರು ತಲೆಮಾರುಗಳ ಕಾಲ ಬೀಡಿ ಕಟ್ಟಿದರು. ಸಾವಿರಕ್ಕೆ ಇಷ್ಟೆಂಬ ಲೆಕ್ಕ, ಅದರಲ್ಲೂ ಕಟ್ಟು ಸರಿಯಿಲ್ಲವೆಂದು ತಿರಸ್ಕೃತವಾದ ಬೀಡಿಗೆ ಕಾಸಿಲ್ಲ. ಮನೆಯಲ್ಲಿ ಕುಳಿತು ಮಾಡುವ ಕೆಲಸವೆಂದರೆ ಅಗ್ಗದ ಕೆಲಸವೆಂಬ ಭಾವನೆ ಬೇರೂರಿದ್ದು ಹಾಗೆ. ಈಗ ಹೊಸ ಕಸುಬಿಗೂ ಅದೇ ಗತಿ ಬರುವ ಲಕ್ಷಣಗಳಿವೆ. ಮೂರು ಗಂಟೆ ಕುಳಿತು ಪೋಣಿಸಿದ ಸರವನ್ನು 100 ರೂಪಾಯಿಗೆ ಕೇಳಿ, “ಮಣಿ ಹಳೆಯದೇ ತಾನೇ, ನಿನಗೇನು ಖರ್ಚು?” ಎನ್ನುವವರಿದ್ದಾರೆ. ಖರ್ಚಾದದ್ದು ಆಕೆಯ ಕಣ್ಣು, ಬೆನ್ನು, ಮಧ್ಯಾಹ್ನದ ವಿಶ್ರಾಂತಿ. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಬೋಧನೆಯನ್ನು ನಾವು ಗಂಡಸರ ಕೂಲಿಗೆ ಮಾತ್ರ ಅನ್ವಯಿಸಿಕೊಂಡಿದ್ದೇವೆ.

ಹ. ಝೈನಬ್ ಬಿಂತ್ ಜಹಶ್(ರ) ಚರ್ಮ ಹದ ಮಾಡುತ್ತಿದ್ದರು, ಹೊಲಿಯುತ್ತಿದ್ದರು, ಬಂದ ಸಂಪಾದನೆಯನ್ನು ದಾನ ಮಾಡುತ್ತಿದ್ದರು. ತಮ್ಮ ಪತ್ನಿಯರಲ್ಲಿ ಯಾರ ಕೈ ಉದ್ದವೋ ಅವರೇ ತಮ್ಮನ್ನು ಮೊದಲು ಸೇರಿಕೊಳ್ಳುವರೆಂದು ಪ್ರವಾದಿ(ಸ)ರು ಹೇಳಿದ್ದರಿಂದ ಅವರೆಲ್ಲ ಕೈ ಅಳೆದು ನೋಡಿದ್ದರು. ಝೈನಬ್‌ರ ಮರಣದ ನಂತರವೇ ಆ ಉದ್ದದ ಅರ್ಥ ಅವರಿಗೆ ತಿಳಿಯಿತು. ಆ ದಾನಕ್ಕೆ ಹಣ ಬಂದದ್ದು ಅವರ ಕೈಗೆಲಸಕ್ಕೆ ಯಾರೋ ನ್ಯಾಯವಾದ ಬೆಲೆ ಕೊಟ್ಟದ್ದರಿಂದ ಎಂಬುದನ್ನೂ ಗಮನಿಸಬೇಕು.

ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ಜೀವಂತ ಉದಾಹರಣೆಯಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸ್ತ್ರೀಯರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಕವಂದಿ ಎಂದೂ ಕರೆಯುತ್ತಾರೆ. ಸಿದ್ದಿಗಳಲ್ಲಿ ಮುಸ್ಲಿಮರು, ಕ್ರೈಸ್ತರು, ಹಿಂದೂಗಳು ಮೂವರೂ ಇದ್ದಾರೆ, ಹೊಲಿಗೆಯ ಕ್ರಮ ಒಂದೇ. ಅಡಿಯಲ್ಲಿ ಹಳೆಯ ಸೀರೆ ಹಾಸಿ, ಅಂಚಿನಿಂದ ಆರಂಭಿಸಿ, ತುಂಡುಗಳನ್ನು ಜೋಡಿಸುತ್ತಾ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಬರುತ್ತಾರೆ. ಮುಸ್ಲಿಮ್ ಮನೆಯ ಕೌದಿಯಲ್ಲಿ ಅರ್ಧಚಂದ್ರ ಕಾಣಿಸಿಕೊಳ್ಳುವುದುಂಟು, ಕ್ರೈಸ್ತರದರಲ್ಲಿ ಶಿಲುಬೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ‘ಫೂಲ’ ಅಂದರೆ ಹೂವು ಹೊಲಿಯಬೇಕು, ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಕೌದಿಗಳನ್ನು ಅಧ್ಯಯನ ಮಾಡಿದ ಮೇಲೆ ಅವು ಅಲ್ಲಿನ ಪ್ರದರ್ಶನ ಸಭಾಂಗಣಗಳ ಗೋಡೆಯೇರಿದವು. ಹುಬ್ಬಳ್ಳಿಯ ನಮ್ಮ ಮನೆಗಳಲ್ಲಿ ಅದೇ ಕೌದಿ ಅತಿಥಿ ಬಂದಾಗ ಮಂಚದ ಕೆಳಗೆ ಸೇರುತ್ತದೆ.

ರಮಝಾನಿನ ಕೊನೆಯ ದಿನಗಳಲ್ಲಿ ನಮ್ಮ ಶಾದಿಮಹಲ್‌ಗಳ ಅಂಗಳದಲ್ಲಿ ಬಟ್ಟೆ, ಅತ್ತರು, ಬಳೆಗಳ ಮಳಿಗೆಗಳು ತುಂಬಿರುತ್ತವೆ. ಅಲ್ಲಿ ಒಂದು ಮೇಜನ್ನು ಈ ಹುಡುಗಿಯರಿಗೆ ಬಾಡಿಗೆಯಿಲ್ಲದೆ ಕೊಡಲು ಜಮಾಅತಿನ ಹಿರಿಯರಿಗೆ ಕಷ್ಟವಾಗದು. ಪ್ರತಿ ಸರಕ್ಕೂ ಒಂದು ಚೀಟಿ ಕಟ್ಟಿರಲಿ: ಮಣಿ ಯಾವುದರಿಂದ ಬಂತು, ಕೊಂಡಿ ಯಾವ ಲೋಹದ್ದು, ಹೊಲಿಯಲು ಅಥವಾ ಪೋಣಿಸಲು ಎಷ್ಟು ಗಂಟೆ ಹಿಡಿಯಿತು. ಬೆಲೆಯನ್ನು ಅದರ ಕೆಳಗೆ ಬರೆಯಲಿ, ಹುಡುಗಿಯೇ ಬರೆಯಲಿ.