ಮತಪೆಟ್ಟಿಗೆಯ ಭಯ

ಕೊಲ್ಲಿ ರಾಷ್ಟ್ರದಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಮಾತು ಅರಬ್ ರಾಜಕಾರಣದತ್ತ ಹೊರಳಿತು. "ಅಲ್ಲಿ ಚುನಾವಣೆ ನಡೆಸಿದರೆ ಇಸ್ಲಾಂವಾದಿ ಪಕ್ಷಗಳೇ ಗೆಲ್ಲುತ್ತವೆ ಮೇಷ್ಟ್ರೇ. ಅದಕ್ಕಿಂತ ಸರ್ವಾಧಿಕಾರಿಯೇ ವಾಸಿ" ಎಂದ. ಮನೆಗೆ ಬಂದವನೊಡನೆ ವಾದವೇಕೆಂದು ಆಗ ಸುಮ್ಮನಾದೆ. (ನಮ್ಮ ಮನೆಯಾಕೆ ಕಣ್ಣಲ್ಲೇ ಎಚ್ಚರಿಸಿದ್ದಳೆನ್ನಿ.) ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೆಲ್ಲುತ್ತಾರೆಂಬುದು ಸುಳ್ಳಲ್ಲ. 1991ರ ಡಿಸೆಂಬರಿನಲ್ಲಿ ಅಲ್ಜೀರಿಯದ ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ ಮೊದಲ ಸುತ್ತಿನಲ್ಲೇ 188 ಸ್ಥಾನ ಗಳಿಸಿತು. 2006ರಲ್ಲಿ ಪ್ಯಾಲೆಸ್ಟೀನಿನ 132 ಸ್ಥಾನಗಳಲ್ಲಿ 74 ಹಮಾಸ್ ಪಾಲಾದವು. 2012ರಲ್ಲಿ ಮುಸ್ಲಿಂ ಬ್ರದರ್‌ಹುಡ್‌ನ ಮೊಹಮ್ಮದ್ ಮೊರ್ಸಿ ಈಜಿಪ್ಟಿನ ಅಧ್ಯಕ್ಷರಾದರು. ಆದರೆ ಗೆದ್ದದ್ದೇಕೆ? ಸರ್ವಾಧಿಕಾರಿಗಳು ಪಕ್ಷ, ಪತ್ರಿಕೆ, ಕಾರ್ಮಿಕ ಸಂಘಗಳ ಬಾಯಿ ಮುಚ್ಚಿಸಿದರು. ಮಸೀದಿಯ ಬಾಗಿಲು ಮುಚ್ಚಲು ಅವರಿಂದಾಗಲಿಲ್ಲ. 1992ರ ಅಕ್ಟೋಬರಿನಲ್ಲಿ ಕೈರೋ ನಗರ ಭೂಕಂಪಕ್ಕೆ ತತ್ತರಿಸಿದಾಗ, ಸರ್ಕಾರ ಎಚ್ಚೆತ್ತುಕೊಳ್ಳುವ ಮೊದಲೇ ಮನೆ ಕಳೆದುಕೊಂಡವರ ಬಳಿಗೆ ನೆರವು ಒಯ್ದವರು ಬ್ರದರ್‌ಹುಡ್‌ನವರು. ಜನ ಅದನ್ನು ಮರೆಯುವರೇ? ಉಳಿದೆಲ್ಲ ಪಕ್ಷಗಳನ್ನೂ ತಾನೇ ತುಳಿದು, "ನಾನಿಲ್ಲದಿದ್ದರೆ ಅವರೇ ಗತಿ" ಎಂದು ಬೆದರಿಸುವವನ ಮಾತನ್ನು ವಿವೇಕವೆಂದು ನಾವೇಕೆ ಒಪ್ಪಬೇಕು?

ತಡೆದದ್ದರ ಫಲವನ್ನೂ ನೋಡೋಣ. ಅಲ್ಜೀರಿಯದ ಸೇನೆ 1992ರ ಜನವರಿಯಲ್ಲಿ ಎರಡನೆಯ ಸುತ್ತನ್ನೇ ರದ್ದುಗೊಳಿಸಿತು. ಅನಂತರದ ಅಂತರ್ಯುದ್ಧಕ್ಕೆ ಬಲಿಯಾದವರು ಒಂದು ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಈಜಿಪ್ಟಿನಲ್ಲಿ ಮೊರ್ಸಿ 2012ರ ನವೆಂಬರಿನಲ್ಲಿ ನ್ಯಾಯಾಲಯಗಳಿಗೂ ಮೀರಿದ ಅಧಿಕಾರವನ್ನು ತಮಗೆ ತಾವೇ ಕೊಟ್ಟುಕೊಂಡದ್ದು ಅಕ್ಷಮ್ಯ. ಕಾಪ್ಟ್ ಕ್ರೈಸ್ತರ ಆತಂಕ ಕಲ್ಪಿತವಾಗಿರಲಿಲ್ಲ. ಹಾಗೆಂದು 2013ರ ಜುಲೈಯಲ್ಲಿ ಅವರನ್ನು ಸೇನೆ ಕೆಳಗಿಳಿಸಿದ್ದು, ಮರುತಿಂಗಳು ಕೈರೋದ ರಬಾ ಚೌಕದಲ್ಲಿ ಒಂದೇ ದಿನ ನೂರಾರು ಜನರನ್ನು ಕೊಂದದ್ದು ಯಾವ ರೋಗಕ್ಕೆ ಮದ್ದು? ಮಗು ಲೆಕ್ಕ ತಪ್ಪೀತೆಂದು ಬಳಪವನ್ನೇ ಕಿತ್ತುಕೊಂಡ ಉಪಾಧ್ಯಾಯನನ್ನು ನಾನು ಮೆಚ್ಚಲಾರೆ.

ಮೊರಾಕೊದಲ್ಲಿ ಬಳಪ ಜನರ ಕೈಯಲ್ಲೇ ಉಳಿಯಿತು. ಅಲ್ಲಿನ ನ್ಯಾಯ ಮತ್ತು ಅಭಿವೃದ್ಧಿ ಪಕ್ಷ 2011ರಿಂದ ಒಂದು ದಶಕ ಸರ್ಕಾರದ ಮುಂದಾಳತ್ವ ವಹಿಸಿತ್ತು. 2021ರಲ್ಲಿ ಮತದಾರರು ಅದನ್ನು 125 ಸ್ಥಾನಗಳಿಂದ 13ಕ್ಕೆ ಇಳಿಸಿದರು. ಕಡಿವಾಣ ಅರಸನ ಕೈಯಲ್ಲಿತ್ತೆಂಬ ಆಕ್ಷೇಪವನ್ನು ಒಪ್ಪುತ್ತೇನೆ. ಅರಸನೇ ಇಲ್ಲದ ಟ್ಯುನೀಷಿಯದಲ್ಲಿಯೂ 2011ರಲ್ಲಿ ಗೆದ್ದಿದ್ದ ಎನ್ನಹ್ದಾ ಪಕ್ಷ 2014ರಲ್ಲಿ ಸೋತು, ಸೋಲನ್ನು ಒಪ್ಪಿಕೊಂಡಿತು. ಆ ದೇಶದ ಸಂಸತ್ತನ್ನು 2021ರಲ್ಲಿ ಅಮಾನತಿನಲ್ಲಿಟ್ಟವರು ಇಸ್ಲಾಂವಾದಿಗಳಲ್ಲ, ಅಧ್ಯಕ್ಷ ಕೈಸ್ ಸಯೀದ್.

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವುದು ಗಾಜಾ. 2007ರಲ್ಲಿ ಹಮಾಸ್ ಅಲ್ಲಿ ಪೂರ್ಣ ಅಧಿಕಾರವನ್ನು ಬಂದೂಕಿನಿಂದ ಹಿಡಿಯಿತು. ಅನಂತರ ಅಲ್ಲಿನ ಮತದಾರನಿಗೆ ಅದನ್ನು ಇಳಿಸುವ ಅವಕಾಶವೇ ಸಿಗಲಿಲ್ಲ. ಆದರೆ 2021ಕ್ಕೆ ಗೊತ್ತುಮಾಡಿದ್ದ ಚುನಾವಣೆಯನ್ನು ಮುಂದೂಡಿದವರು ಹಮಾಸಿನ ಎದುರಾಳಿ ಮಹಮೂದ್ ಅಬ್ಬಾಸರೇ.

ಶಿಷ್ಯ ಇದನ್ನು ಓದಿಯೇ ಓದುತ್ತಾನೆ. ಬೇರೆಲ್ಲ ಬಿಟ್ಟರೂ ಟ್ಯುನೀಷಿಯಕ್ಕೆ ಅವನು ಉತ್ತರ ಕೊಡಲಿ. ಕಾಫಿ ಮತ್ತೆ ನನ್ನದೇ.